ದಿಬ್ಬಣದ ಕಾರಿನ ಫ್ಯಾನು

ಊರಿಗೆಲ್ಲ ನೀರು ಹಂಚುವ ಕಚೇರಿಯ ನೌಕರನ ಕಾರು ನಡುರಸ್ತೆಯಲ್ಲಿ ನೀರಿಗಾಗಿ ಬಾಯಿ ಬಿಟ್ಟು ನಿಂತರೆ, ನೋಡುವವರಿಗೆ ಎಷ್ಟು ಸಂತೋಷವಾಗುತ್ತದೆಂದು ನಿಮಗೆ ಗೊತ್ತಿಲ್ಲ. ನಮ್ಮ ಮೊಸ್ತಗಾನೆಮ್ ಊರಿನ ಕಾಫಿ ಅಂಗಡಿಗಳಲ್ಲಿ ಕೂತವರಿಗೆಲ್ಲ ಗೊತ್ತು. "ಲಖ್ದರ್, ನಲ್ಲಿ ಎಲ್ಲಿದೆ ಅಂತ ನಿನಗಲ್ದೆ ಇನ್ಯಾರಿಗಪ್ಪ ಗೊತ್ತಿರತ್ತೆ?" ಎಂದು ಕೇಳಿ, ಆರಾಮಾಗಿ ನಗಲು ಕುರ್ಚಿಯನ್ನು ರಸ್ತೆಯ ಕಡೆಗೆ ತಿರುಗಿಸಿಕೊಳ್ಳುತ್ತಾರೆ.

ನನ್ನ ಕಾರಿಗೂ ನನ್ನ ದಾಂಪತ್ಯಕ್ಕೂ ಒಂದೇ ವಯಸ್ಸು. (ಎರಡರಲ್ಲಿ ಬೇಗ ಬಿಸಿಯಾಗುವುದು ಯಾವುದು ಎಂದು ಮಾತ್ರ ಕೇಳಬೇಡಿ.) ಖೈರಾಳನ್ನು ಮದುವಣಗಿತ್ತಿಯಾಗಿ ಮನೆಗೆ ಕರೆತಂದದ್ದು ಅದರಲ್ಲೇ. ಈಗ ಮಗ ಹುವಾರಿಗೆ ಮದುವೆ ನಿಶ್ಚಯವಾಗಿತ್ತು. ಹುಡುಗಿ ಸಿಹಾಮ್, ಹಳ್ಳದಾಚೆಯ ತಿಜ್ದಿತ್ ಕೇರಿಯವಳು. ಗಂಡಿನ ಕಡೆಯವರು ಕಾರುಗಳ ಸಾಲು ಕಟ್ಟಿಕೊಂಡು ಹೋಗಿ ಹೆಣ್ಣನ್ನು ಕರೆತರಬೇಕಷ್ಟೆ? ಸೊಸೆಯೂ ಅದೇ ಕಾರಿನಲ್ಲಿ ಬಂದು ನಮ್ಮ ಹೊಸಿಲು ತುಳಿಯಬೇಕು ಎಂಬುದು ನನ್ನ ಜೀವಮಾನದ ಏಕೈಕ ಮಹತ್ವಾಕಾಂಕ್ಷೆಯಾಗಿತ್ತು.

ಅಡ್ಡಿಯಾಗಿದ್ದದ್ದು ಒಂದು ಫ್ಯಾನು. ಕಾರು ಜೋರಾಗಿ ಓಡುವಾಗ ರೇಡಿಯೇಟರಿಗೆ ಗಾಳಿ ತಾನಾಗಿಯೇ ಬಡಿಯುತ್ತದೆ, ಚಿಂತೆಯಿಲ್ಲ. ದಿಬ್ಬಣದಲ್ಲಿ ಕಾರುಗಳದ್ದು ಆಮೆನಡಿಗೆ. ಆಗ ರೇಡಿಯೇಟರಿನ ಕರೆಂಟ್ ಫ್ಯಾನು ತಿರುಗಲೇಬೇಕು. ನಮ್ಮದು ಬೇಕಾದಾಗ ತಿರುಗುತ್ತಿರಲಿಲ್ಲ. ಮನೆಯ ಮುಂದೆ ನಿಲ್ಲಿಸಿ ನೋಡಿದರೆ ಗಿರಗಿರ ತಿರುಗುತ್ತಿತ್ತು. ನಾಲ್ಕು ಜನರ ನಡುವೆ ಶುಭಕಾರ್ಯಕ್ಕೆ ಹೊರಟರೆ ಮೌನವ್ರತ ಹಿಡಿಯುತ್ತಿತ್ತು.

ಹೋದ ವರ್ಷ ನನ್ನ ಅತ್ತೆ, ಖೈರಾಳ ತಾಯಿ ಬಖ್ತಾ, ಹಜ್ ಮುಗಿಸಿ ಬಂದಾಗಲೂ ಹಾಗೇ ಆಯಿತು. ನೆಂಟರ ಕಾರುಗಳೆಲ್ಲ ಹಾರ್ನ್ ಬಾರಿಸುತ್ತ ಹಿಂದೆ ಬರುತ್ತಿದ್ದವು, ನಮ್ಮ ಕಾರಿನ ಬಿಸಿಯ ಮುಳ್ಳು ಕೆಂಪು ಗೆರೆಯ ಕಡೆಗೆ ಹೊರಟಿತು. ಅಂಥ ಹೊತ್ತಿನಲ್ಲಿ ಹೀಟರನ್ನು ಪೂರ್ತಿ ತಿರುವಿ ಎಂಜಿನ್ನಿನ ಬಿಸಿಯನ್ನು ಒಳಗೆಳೆದುಕೊಳ್ಳುವುದು ಹಳೇ ಕಾರಿನವರೆಲ್ಲ ಬಲ್ಲ ಉಪಾಯ. ತಿರುವಿದೆ. ಜುಲೈ ತಿಂಗಳು. ಹಿಂದಿನ ಸೀಟಿನಿಂದ ಅತ್ತೆ ಕ್ಷೀಣವಾಗಿ ಹೇಳಿದರು: "ಮಗನೇ, ಅರಫಾತ್ ಬಯಲಲ್ಲೂ ಇಷ್ಟು ಬೆಂದಿರಲಿಲ್ಲ ನಾನು. ಅಲ್ಲಿ ಪುಣ್ಯನಾದ್ರೂ ಸಿಗ್ತಿತ್ತು."

ಆದ್ದರಿಂದ ಮದುವೆಗೆ ಒಂದು ವಾರವಿರುವಾಗ ಖೈರಾ ಸೊಂಟಕ್ಕೆ ಕೈಯಿಟ್ಟು ಎದುರು ನಿಂತದ್ದರಲ್ಲಿ ಆಶ್ಚರ್ಯವಿರಲಿಲ್ಲ.

"ಸೀ ಲಖ್ದರ್," ಎಂದಳು. (ಅವಳು ನನ್ನ ಹೆಸರಿಗೆ ಮರ್ಯಾದೆ ಸೇರಿಸಿದಳೆಂದರೆ ನನ್ನ ಮರ್ಯಾದೆ ಹೋಗುವ ಕಾಲ ಬಂತೆಂದೇ ಅರ್ಥ.) "ಅಣ್ಣ ಮಿಲೂದ್ ಅವನ ಹೊಸ ಬಿಳೀ ಕಾರು ಕೊಡ್ತೀನಿ ಅಂದಿದಾನೆ. ಹೂವಿನ ಅಲಂಕಾರನೂ ಅವನದೇ ಅಂತೆ."

"ನನ್ನ ಸೊಸೆ ನನ್ನ ಕಾರಲ್ಲೇ ಬರ್ತಾಳೆ."

"ಬರ್ತಾಳೆ. ಅರ್ಧ ದಾರೀಲಿ ಇಳಿದು, ಜರಿ ಉಡುಪು ಎತ್ತಿ ಹಿಡ್ಕೊಂಡು, ಹೊಗೆ ಒಳಗಿಂದ ನಡ್ಕೊಂಡು ಬರ್ತಾಳೆ. ಬುಧವಾರದ ಒಳಗೆ ಆ ಫ್ಯಾನು ಸರಿಯಾದ್ರೆ ನಿನ್ನ ಕಾರು. ಇಲ್ದಿದ್ರೆ ಅಣ್ಣಂದು."

ಮಿಲೂದನ ಕಾರು! ಆ ಮನುಷ್ಯ ತನ್ನ ಕಾರಿನೊಳಗೆ ಕೂತವರಿಗೆ ಕಡಲೇಕಾಯಿ ತಿನ್ನಲೂ ಬಿಡುವುದಿಲ್ಲ. ನಾನು ಅಂಗಿಯ ತೋಳು ಮಡಚಿ ಕೆಲಸಕ್ಕಿಳಿದೆ.

ಪ್ರತಿಸಲ ಕಾರು ಕುದಿದಾಗಲೂ ಫ್ಯಾನಿನ ಫ್ಯೂಸ್ ಸುಟ್ಟಿರುತ್ತಿತ್ತು. ಹೊಸದು ಹಾಕಿದರೆ ಎಲ್ಲ ಸರಿ. ಫ್ಯೂಸ್ ತಾನಾಗಿ ಸುಡುವುದಿಲ್ಲ, ಅದನ್ನು ಯಾರೋ ಸುಡುತ್ತಾರೆ. ಆ ಅಪರಾಧಿಯನ್ನು ಹಿಡಿಯುವುದೇ ಕೆಲಸ. ಮೊದಲ ಸಂಶಯ ಫ್ಯಾನಿನ ಮೋಟಾರಿನ ಮೇಲೆ. ಬ್ಯಾಟರಿಯಿಂದ ನೇರವಾಗಿ ಎರಡು ವೈರ್ ಎಳೆದು ಮುಟ್ಟಿಸಿದೆ. ನನ್ನ ಟೋಪಿ ಹಾರಿ ಪಕ್ಕದ ಮನೆಯ ಅಂಗಳಕ್ಕೆ ಬೀಳುವಷ್ಟು ಜೋರಾಗಿ ತಿರುಗಿತು. ಆದರೂ ನಂಬಿಕೆ ಬಾರದೆ, ಗುಜರಿಯಿಂದ ಇನ್ನೊಂದು ಮೋಟಾರು ತಂದು ಕೂರಿಸಿದೆ.

ಎರಡನೆಯ ಸಂಶಯ, ನೀರು ಬಿಸಿಯಾದದ್ದನ್ನು ಅರಿತು ಫ್ಯಾನಿಗೆ ಹೇಳುವ ಸ್ವಿಚ್ಚಿನ ಮೇಲೆ. ಅದನ್ನು ರೇಡಿಯೇಟರಿನಿಂದ ಬಿಚ್ಚಿ, ಒಂದು ಬಲ್ಬಿಗೆ ಜೋಡಿಸಿ, ಕುದಿಯುವ ನೀರಿನಲ್ಲಿ ಇಳಿಬಿಟ್ಟು ನೋಡಬೇಕು. ಒಲೆಯ ಮೇಲೆ ಕೈಗೆ ಸಿಕ್ಕಿದ್ದು ಖೈರಾ ಕುಸ್ಕುಸ್ ಬೇಯಿಸುವ ಪಾತ್ರೆ. ನೀರು ಕುದಿಯಿತು, ಬಲ್ಬು ಹತ್ತಿತು. ಅದೇ ಕ್ಷಣದಲ್ಲಿ ಖೈರಾ ಒಳಗೆ ಬಂದಳು.

"ನನ್ನ ಪಾತ್ರೇಲಿ ಏನದು?"

"ಆಪಾದಿತ. ನಿರಪರಾಧಿ ಅಂತ ಈಗ ತಾನೇ ತೀರ್ಪಾಯ್ತು."

"ನಾಡಿದ್ದು ನಾನು ಅದರಲ್ಲಿ ಬೀಗರಿಗೆ ಅಡುಗೆ ಮಾಡ್ಬೇಕು."

ಮುಂದಿನ ಮಾತುಗಳನ್ನು ಬರೆಯುವುದು ಶುಭಕಾರ್ಯದ ಮನೆಗೆ ಒಳ್ಳೆಯದಲ್ಲ. ಪಾತ್ರೆಯನ್ನು ನಾನೇ ಬೂದಿ ಹಾಕಿ ತಿಕ್ಕಿದೆ ಎಂದಷ್ಟೇ ಹೇಳುತ್ತೇನೆ.

ಬುಧವಾರ ಸಂಜೆ ಅಂತಿಮ ಪರೀಕ್ಷೆ ಇಟ್ಟುಕೊಂಡೆ. ಕೇರಿಯ ಅರ್ಧ ಜನ ಸೇರಿದ್ದರು. ಮಿಲೂದ್ ತನ್ನ ಕಾರಿಗೆ ಒರಗಿ, ಬೀಗದ ಕೈಯನ್ನು ಬೆರಳಲ್ಲಿ ತಿರುಗಿಸುತ್ತಿದ್ದ. ಖೈರಾ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಹರವುತ್ತಿದ್ದಳು. ಎಂಜಿನ್ ಚಾಲೂ ಮಾಡಿ ಕಾರನ್ನು ನಿಂತಲ್ಲೇ ಬಿಟ್ಟೆ. ಮುಳ್ಳು ಮೆಲ್ಲಗೆ ಮೇಲೇರಿತು. ಇನ್ನೇನು ಎನ್ನುವಾಗ ಫ್ಯಾನು ಗುಯ್ ಎಂದು ತಿರುಗಿತು. ಜನ ಚಪ್ಪಾಳೆ ತಟ್ಟಿದರು. ನನಗೆ ಕಣ್ಣು ತುಂಬಿ ಬಂತು. ಆನಂದ ತಡೆಯಲಾರದೆ ಹಾರ್ನಿನ ಮೇಲೆ ಅಂಗೈ ಇಟ್ಟು, ಮದುವೆಯ ತಾಳದಲ್ಲಿ ಪಾಂ ಪಾಂ ಪಪ್ಪಪಾಂ ಎಂದು ಬಾರಿಸಿದೆ. ಬಾರಿಸುತ್ತಲೇ ಇದ್ದೆ. ಇದ್ದಕ್ಕಿದ್ದಂತೆ ಹಾರ್ನು ನಿಂತಿತು. ಫ್ಯಾನೂ ನಿಂತಿತು.

ಮಿಲೂದ್ ಕೆಮ್ಮಿದ. "ಹೂವನ್ನ ನನ್ನ ಕಾರಿಗೇ ಕಟ್ಟಿಸ್ಲಾ?" ಎಂದ.

ಖೈರಾ ಒದ್ದೆ ಬಟ್ಟೆ ಹೆಗಲ ಮೇಲೆ ಹಾಕಿಕೊಂಡೇ ಇಳಿದು ಬಂದಳು. "ಇನ್ನೊಂದು ಫ್ಯೂಸ್ ಹಾಕು. ಹಾಕಿ ಕೆಳಗಿಳಿ," ಎಂದಳು. ಹಾಕಿ ಇಳಿದೆ. ಫ್ಯಾನು ತಿರುಗಿತು, ನೀರು ತಣ್ಣಗಾದ ಮೇಲೆ ನಿಂತಿತು, ಮತ್ತೆ ಬಿಸಿಯಾದಾಗ ತಿರುಗಿತು. ಆಮೇಲೆ ಅವಳು ಕಿಟಕಿಯೊಳಗೆ ಕೈ ಹಾಕಿ ಹಾರ್ನನ್ನು ಒತ್ತಿಹಿಡಿದಳು. ಎರಡೂ ಒಟ್ಟಿಗೆ ಸತ್ತವು.

"ಎರಡಕ್ಕೂ ಒಂದೇ ಫ್ಯೂಸು," ಎಂದಳು. "ಒಂದೊಂದೇ ಆದ್ರೆ ತಡಿಯತ್ತೆ. ಎರಡೂ ಸೇರಿ ಎಳೆದ್ರೆ ಸುಟ್ಟೋಗತ್ತೆ. ಅಮ್ಮ ಹಜ್‌ನಿಂದ ಬಂದಾಗ ಹಾರ್ನ್ ಹೊಡೆದವನು ಯಾರು? ನಮ್ಮೂರ ತಂಡ ಫುಟ್‌ಬಾಲ್ ಗೆದ್ದಾಗ? ಅಣ್ಣನ ಮಗಳ ದಿಬ್ಬಣದಲ್ಲಿ?"

ಮೂರೂ ಸಲ ಬಾರಿಸಿದ್ದು ನಾನೇ. ಸುತ್ತ ಅಷ್ಟೊಂದು ಹಾರ್ನುಗಳ ನಡುವೆ ನನ್ನದು ನಿಂತುಹೋದದ್ದು ಯಾರ ಕಿವಿಗೆ ಬಿದ್ದೀತು?

"ನನಗೂ ಹಾಗೇ ಅನ್ನಿಸಿತ್ತು," ಎಂದು ಗಂಭೀರವಾಗಿ ತಲೆಯಾಡಿಸಿದೆ. "ದಪ್ಪನೆ ಫ್ಯೂಸ್ ಹಾಕಿಬಿಟ್ರೆ ಆಯ್ತು."

"ಫ್ಯೂಸ್ ಉಳಿಯತ್ತೆ, ವೈರ್ ಉರಿಯತ್ತೆ. ಮದುವೆ ಮುಗಿದ್ಮೇಲೆ ಕೆಲಸ ಗೊತ್ತಿರೋರ ಹತ್ರ ಬೇರೆಬೇರೆ ಮಾಡಿಸು. ನಾಳೆ ಹಾರ್ನ್ ಮುಟ್ಟದೆ ಓಡಿಸಿದ್ರೆ ಸಾಕು. ಕಾರಿಗೆ ಏನೂ ಆಗಿಲ್ಲ. ಸೊಸೆ ಇದರಲ್ಲೇ ಬರ್ಲಿ."

ಗೆದ್ದೆ ಅಂದುಕೊಂಡೆ. ಮಿಲೂದನ ಮುಖ ನೋಡಿದೆ. ಬೀಗದ ಕೈ ತಿರುಗುವುದು ನಿಂತಿತ್ತು. "ಪ್ರಮಾಣ ಮಾಡ್ತೀನಿ ಖೈರಾ, ಹಾರ್ನ್ ಮೇಲೆ ಬೆರಳೂ ಇಡಲ್ಲ," ಎಂದೆ.

"ನೀನು? ಬೆಕ್ಕು ಅಡ್ಡ ಬಂದ್ರೂ ಹೊಡೀತೀಯ, ಬೆಕ್ಕು ದಾರಿ ಬಿಟ್ರೂ ಥ್ಯಾಂಕ್ಸ್ ಅಂತ ಹೊಡೀತೀಯ." ಹೀಗೆಂದವಳೇ ಕಾರಿನ ಕೀಲಿಯನ್ನು ಕಿತ್ತು, ಒದ್ದೆ ಬಟ್ಟೆಯ ಜೊತೆಗೆ ಮೇಲಕ್ಕೆ ಒಯ್ದಳು. ಅವಳಿಗೆ ಲೈಸೆನ್ಸ್ ಇದೆ ಎಂಬುದನ್ನು ನಾನು ಬಹಳ ವರ್ಷಗಳಿಂದ ಯಶಸ್ವಿಯಾಗಿ ಮರೆತಿದ್ದೆ.

ಗುರುವಾರ ಹೆಣ್ಣನ್ನು ಕರೆದುಕೊಂಡು ದಿಬ್ಬಣ ತಿಜ್ದಿತ್‌ನಿಂದ ಮನೆಯ ಕಡೆಗೆ ಹೊರಟಿತು. ನನ್ನ ಕಾರಿನ ಚಕ್ರ ಹಿಡಿದವಳು ಖೈರಾ. ಪಕ್ಕದಲ್ಲಿ ಅತ್ತೆ, ಹಿಂದೆ ಮದುಮಕ್ಕಳು. ಮಿಲೂದನ ಬಿಳೀ ಕಾರಿನ ಹಿಂದಿನ ಸೀಟಿನಲ್ಲಿ, ಯಾವ ಹಾರ್ನೂ ಕೈಗೆಟುಕದ ಮೂಲೆಯಲ್ಲಿ, ನಾನು. ಹಳ್ಳದ ಸೇತುವೆಯ ಮೇಲೆ ಸಾಲು ಪೂರ್ತಿ ನಿಂತುಬಿಟ್ಟಿತು. ಸುತ್ತಲಿನ ಕಾರುಗಳೆಲ್ಲ ಅರಚುತ್ತಿದ್ದವು, ನನ್ನದೊಂದೇ ಮೌನವಾಗಿತ್ತು. ಹೆಣ್ಣು ತರುವ ಕಾರು ಸುಮ್ಮನಿರುವುದೆಂದರೇನು ಎಂದು ಅತ್ತೆ ಕಿಟಕಿಯಿಂದ ತಲೆ ಹೊರಹಾಕಿ, ಹಳ್ಳದ ಎರಡೂ ದಡಕ್ಕೆ ಕೇಳುವಂತೆ ಮದುವೆಮನೆಯ ಹೆಂಗಸರ ರೂಢಿಯ ಪ್ರಕಾರ ಯುಯುಯು ಎಂದು ನಾಲಿಗೆ ಆಡಿಸಿ ಕೂಗಿದರು. ನನ್ನ ಅಂಗೈ ತುರಿಸುತ್ತಿತ್ತು. ಮಿಲೂದನ ಸೀಟಿನ ಬೆನ್ನಿಗೆ ಎರಡೇಟು ಹಾಕಿದೆ. ಲೆದರ್ ಹಾಳಾಗುತ್ತದೆ ಎಂದ. ಆದರೆ ಮುಂದಿನ ಆ ಹಳೇ ಕಾರಿನಿಂದ ಒಂದೆಳೆ ಹಬೆಯೂ ಏಳಲಿಲ್ಲ. ಆ ಹೊತ್ತು ನನಗಾದಷ್ಟು ಸಂತೋಷ ಮದುಮಗನಿಗೂ ಆಗಿರಲಾರದು.

ಬಾಗಿಲಲ್ಲಿ ಹಾಲು ಖರ್ಜೂರ ಬಾಯಿಗೆ ಮುಟ್ಟಿಸಿಕೊಂಡು ಸಿಹಾಮ್ ಹೊಸಿಲು ದಾಟಿದಳು. ನೇರವಾಗಿ ಬಂದು ನನ್ನ ತಲೆಗೆ ಮುತ್ತಿಟ್ಟಳು.

"ಅಪ್ಪಾ, ನಿಮ್ಮ ಕಾರು ತುಂಬಾ ಇಷ್ಟವಾಯ್ತು ನಂಗೆ. ಮುಂದಿನ ವಾರ ತಾಯಿಮನೆಗೂ ಇದರಲ್ಲೇ ಹೋಗ್ತೀನಿ."

ನನ್ನ ಎದೆ ಉಬ್ಬಿತು. "ಅದಕ್ಕೇನಮ್ಮ, ಯಾವಾಗ ಬೇಕಾದ್ರೂ ಕರ್ಕೊಂಡು ಹೋಗ್ತೀನಿ," ಎಂದೆ.

"ನಿಮಗೆ ತೊಂದ್ರೆ ಬೇಡ," ಎಂದಳು ಸೊಸೆ, ಬಹಳ ಮೃದುವಾಗಿ. "ಖೈರಾ ಅತ್ತೆ ಓಡಿಸೋಕೆ ಆಗ್ಲೇ ಒಪ್ಪಿಕೊಂಡಿದಾರೆ. ನೀವೂ ಬರೋದಾದ್ರೆ ಮಿಲೂದ್ ಮಾವನ ಕಾರಲ್ಲಿ ಜಾಗ ಕೇಳಿಡ್ತಾರಂತೆ."