ಬೇಡ ಅಂದವರಿಗೆ ಉಪ್ಪಿನಕಾಯಿ

ಸುಳ್ಳು ಹೇಳುವುದರಲ್ಲಿ ನಮ್ಮ ಕೊಪ್ಪದ ಕಡೆಯವರು ಯಾರಿಗೂ ಕಡಿಮೆಯಿಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದರೂ ‘ಈಗಷ್ಟೇ ಊಟ ಮುಗಿಸಿ ಬಂದೆ ಮಾರಾಯ’ ಎನ್ನುತ್ತೇವೆ. ಮನೆಯವರು ಅದನ್ನು ನಂಬುವುದಿಲ್ಲ, ನಂಬಿದರೆ ಅವಮರ್ಯಾದೆ. ಬೇಡ ಬೇಡ ಎನ್ನುತ್ತಲೇ ಎಲೆಯ ಮುಂದೆ ಕೂತು, ಸಾಕು ಸಾಕು ಎನ್ನುತ್ತಲೇ ಎರಡನೇ ಸಲ ಬಡಿಸಿಕೊಂಡು ಬೆಳೆದವನು ನಾನು. ಹಾಗಾಗಿ ಪೋಕರ್ ಇಸ್ಪೀಟಿನ ಬ್ಲಫ್, ಅಂದರೆ ಇಲ್ಲದ ಎಲೆ ಇದೆ ಎಂದು ನಂಬಿಸುವುದು, ನನಗೆ ನೀರು ಕುಡಿದಷ್ಟು ಸುಲಭ ಎಂದುಕೊಂಡಿದ್ದೆ.

ಆಟ ಕಲಿಸಿದ್ದು ನನ್ನ ಹೆಂಡತಿ ಸುಜಾತಳ ಅಣ್ಣ, ಶೆಟ್ಟಿಕೊಪ್ಪದ ಭಾವ. ಅವರು ಕಲಿತದ್ದು ಮೊಬೈಲಿನಲ್ಲಿ. “ರಮ್ಮಿಯಲ್ಲಿ ಎಂತ ಇದೆ ಮಾರಾಯ, ಎಲೆ ಕೂಡ್ಸದು ಅಷ್ಟೇ. ಇದ್ರಲ್ಲಿ ಎಲೆ ಬರ್ದಿದ್ರೂ ಗೆಲ್ಬಹುದು” ಎಂದರು. ಜನ್ಮದಲ್ಲಿ ಒಳ್ಳೆಯ ಎಲೆ ಕಾಣದ ನನಗೆ ಆ ಮಾತು ಸಾಕಾಯಿತು. ಕೈಯಲ್ಲಿ ಎರಡೆರಡು ಎಲೆ, ಇಬ್ಬರಿಗೂ ಸೇರಿ ಮೇಜಿನ ಮೇಲೆ ಐದು. ದುಡ್ಡಿನ ಮಾತಿಲ್ಲ, ಪಣಕ್ಕೆ ಹುಣಸೆಬೀಜ. ಲಿಮಿಟ್ ಇಲ್ಲದ ಆಟವಾದ್ದರಿಂದ ಇದ್ದಬದ್ದದ್ದನ್ನೆಲ್ಲ ಒಂದೇ ಸಲ ಇಡಬಹುದು.

ಮೊನ್ನೆ ಭಾನುವಾರ ಸುಜಾತ ಹತ್ತಿರದ ಜಯಪುರಕ್ಕೆ ಹೋಗಿದ್ದಾಗ ಭಾವ ಬಂದರು, ಆಟಕ್ಕೆ ಕೂತೆವು. ನನಗೆ ಎರಡು ಕೆಂಪು ಆಟಿನ್ ಎಲೆ ಬಂದವು. ಮೇಜಿನ ಮೇಲೆ ಮತ್ತೆರಡು ಆಟಿನ್. ಇನ್ನೊಂದು ಬಿದ್ದರೆ ಐದೂ ಒಂದೇ ಜಾತಿ, ನಾನೇ ರಾಜ. ಬರುತ್ತದೆ, ಬಂದೇ ಬರುತ್ತದೆ ಎಂದು ಬೀಜ ಸುರಿಯುತ್ತಾ ಹೋದೆ. ಕೊನೆಯ ಎಲೆ ತಿರುಗಿತು. ಕರೀ ಕಳಾವರ್! ನನ್ನ ಕೈಯಲ್ಲಿ ಈಗ ಒಂದು ಜೋಡಿಯೂ ಇಲ್ಲ.

ಇನ್ನುಳಿದದ್ದು ಬ್ಲಫ್. ಬೀಜ ಮುಗಿದಿತ್ತು. ಎದ್ದು ಅಡುಗೆಮನೆಗೆ ಹೋಗಿ ಸುಜಾತಳ ಅಪ್ಪೆಮಿಡಿ ಮಾವಿನ ಉಪ್ಪಿನಕಾಯಿಯ ಭರಣಿ ತಂದು ಮೇಜಿನ ಮೇಲಿಟ್ಟೆ. ಈ ವರ್ಷ ಮಿಡಿ ಸಿಕ್ಕಿದ್ದೇ ಕಷ್ಟದಲ್ಲಿ, ಮನೆಯಲ್ಲಿದ್ದದ್ದು ಅದೊಂದೇ ಭರಣಿ. ಅದಿಲ್ಲದೆ ನನಗೆ ಮೊಸರನ್ನ ಇಳಿಯುವುದಿಲ್ಲ, ಅದು ಹೋದರೆ ಸುಜಾತ ನನ್ನನ್ನು ಉಳಿಸುವುದಿಲ್ಲ. ಆದರೂ ಮುಖ ಮಾತ್ರ ಗಂಭೀರ.

ಭಾವ ಭರಣಿ ನೋಡಿದರು, ನನ್ನ ಮುಖ ನೋಡಿದರು. ನನ್ನ ಬ್ಲಫ್ ಗೆದ್ದಿತ್ತು! ಅವರು ಎಲೆ ಕೆಳಗಿಟ್ಟು ಆಟ ಬಿಡಲು ಹೊರಟು, “ಬೇಡ ಮಾರಾಯ, ನಂಗೆ ಸಾಕು” ಎಂದರು.

ಬೇಡ, ಸಾಕು. ಈ ಎರಡು ಶಬ್ದ ಕಿವಿಗೆ ಬಿದ್ದದ್ದೇ ತಡ, ನನ್ನ ಬಾಯಿ ನನ್ನನ್ನು ಕೇಳದೆ ತೆರೆದುಕೊಂಡಿತು. “ಛೇ ಛೇ, ಹಂಗಂದ್ರೆ ಹೆಂಗೆ ಭಾವ? ಸಂಕೋಚ ಮಾಡ್ಕೋಬೇಡಿ. ಒಂದ್ ಕೈ ನೋಡಿ!”

“ನೀನು ಇಷ್ಟು ಹೇಳುವಾಗ ಇಲ್ಲ ಅನ್ನುಕೆ ಆಗ್ತದಾ” ಎಂದು ಭಾವ ತಮ್ಮ ಬೀಜವನ್ನೆಲ್ಲ ಮುಂದೆ ತಳ್ಳಿ ಎಲೆ ಬಿಚ್ಚಿದರು. ಒಂಬತ್ತರ ಜೋಡಿ. ಅಷ್ಟೇ ಸಾಕಿತ್ತು ನನ್ನನ್ನು ಮುಗಿಸಲು.

ಆದರೂ ಭಾವ ಒಳ್ಳೆಯವರು. ಮೆಟ್ಟಿಲಿಳಿಯುವಾಗ ಭರಣಿ ವಾಪಸು ಚಾಚಿ, “ಬೇಡ, ನಿಮಗೇ ಇರ್ಲಿ. ಆಟಕ್ಕೆ ಇಟ್ಟದ್ದಲ್ವ” ಎಂದರು. ‘ಆಗಲಿ’ ಎಂದಿದ್ದರೆ ಮುಗಿಯುತ್ತಿತ್ತು. ನಾನು ಅಂದದ್ದು, “ಎಂತ ಮಾತು ಭಾವ! ತಗೊಂಡೇ ಹೋಗ್ಬೇಕು. ಇಲ್ದಿದ್ರೆ ಸುಜಾತಂಗೆ ಬೇಜಾರಾಗ್ತದೆ.”

ತಗೊಂಡೇ ಹೋದರು. ಸುಜಾತಳಿಗೆ ಬೇಜಾರು ಆಗಲಿಲ್ಲ, ಅದಕ್ಕಿಂತ ಮುಂದಿನದೇನೋ ಆಯಿತು. ರಾತ್ರಿ ಊಟಕ್ಕೆ ಕೂತಾಗ ಮೊಸರನ್ನದ ಪಕ್ಕ ಉಪ್ಪು ಮಾತ್ರವಿತ್ತು. ಅದನ್ನೇ ನಂಚಿಕೊಂಡು ಎರಡು ತುತ್ತು ತಿಂದೆ. “ಇನ್ನು ಸ್ವಲ್ಪ ಹಾಕ್ಲಾ?” ಎಂದಳು. ಹಸಿವಿತ್ತು. ಇನ್ನೊಂದು ಸಲ ಕೇಳುತ್ತಾಳಲ್ಲ ಎಂಬ ಧೈರ್ಯದಲ್ಲಿ, “ಬೇಡ, ಸಾಕು” ಎಂದೆ.

ಮದುವೆಯಾದಾಗಿನಿಂದ ಮೊದಲ ಸಲ ಅವಳು ನನ್ನ ಮಾತು ನಂಬಿ, ಪಾತ್ರೆ ಎತ್ತಿಕೊಂಡು ಒಳಗೆ ಹೋದಳು.