ನಾನು ಎತ್ತರಿಸಿದ ಗಾಡಿ

"ಮೂರು ದಿನ!" ಎಂದು ಊಟದ ಮೇಜು ಗುದ್ದಿ ಘೋಷಿಸಿದೆ. "ಶುಕ್ರವಾರ ಸಂಜೆ ನನ್ನ ಪಿಕಪ್ಪು ಬಿಚ್ತೀನಿ. ಸೋಮವಾರ ಬೆಳಿಗ್ಗೆ ಇದು ಗಾಡಿ ಅಲ್ಲ, ಬೆಟ್ಟದ ಆಡು!"

ನನ್ನ ಗಂಡ ದೆಲ್ಫೀನೊ ರೊಟ್ಟಿಯ ತುಂಡನ್ನು ಹುರುಳಿಯ ಸಾರಿನಲ್ಲಿ ಅದ್ದುತ್ತಿದ್ದವನು ತಲೆ ಎತ್ತಲಿಲ್ಲ. "ಆಡಾದ್ರೆ ಹಾಲಾದ್ರೂ ಕೊಡುತ್ತೆ, ಓರ್ಲಿಂದಾ. ಈಗಿರೋದು ಬರೀ ಎಣ್ಣೆ ಕುಡಿಯುತ್ತೆ."

"ನಗು, ನಗು. ಶಾಲಾ ಬಸ್ಸುಗಳ ಶೆಡ್ಡಿನಲ್ಲಿ ಹದಿನಾಲ್ಕು ವರ್ಷ ಸ್ಪಾನರ್ ಹಿಡಿದಿದೀನಿ. ನಲವತ್ತು ಮಕ್ಕಳ ಬಸ್ಸನ್ನ ರಿಪೇರಿ ಮಾಡೋಳಿಗೆ ಒಂದು ಪಿಕಪ್ಪು ಯಾವ ಲೆಕ್ಕ?"

ನನ್ನ ಈ ವೀರಾವೇಶಕ್ಕೆ ಕಾರಣ ಅಮ್ಮ. ಅಮ್ಮನಿಗೆ ಎಪ್ಪತ್ತಾರು, ಎತ್ತರ ನಾಲ್ಕು ಅಡಿ ಹತ್ತು ಇಂಚು. ಅವಳು ಹುಟ್ಟಿದ ಓಹಿತೋಸ್ ಎಂಬ ಹಳ್ಳಿಯಲ್ಲಿ ಈಗ ಜನರಿಲ್ಲ. ಮಣ್ಣಿನ ಒಂದು ಪುಟ್ಟ ಚರ್ಚು ಮಾತ್ರ ಇದೆ. ನಮ್ಮಲ್ಲಿ ಇಟ್ಟಿಗೆ ಇಡುವುದು ಗಂಡಸರ ಕೆಲಸ, ಮಣ್ಣು ಬಳಿಯುವುದು ಹೆಂಗಸರ ಕೆಲಸ. ಇಟ್ಟಿಗೆ ಒಮ್ಮೆ ಇಟ್ಟರೆ ನೂರು ವರ್ಷಕ್ಕೆ ಮುಗಿಯಿತು. ಬಳಿಯುವುದು ಮಾತ್ರ ವರ್ಷ ವರ್ಷ. ಯಾವುದು ಯಾರ ಪಾಲಿಗೆ ಬಂತೆಂದು ನೀವೇ ನೋಡಿ! ಅಮ್ಮನೂ ಅವಳ ಐವರು ಗೆಳತಿಯರೂ ಐವತ್ತು ವರ್ಷ ಆ ಗೋಡೆಗಳಿಗೆ ಮಣ್ಣು ಬಳಿದವರು. ಹೋದ ವರ್ಷ ಅಮ್ಮನಿಗೆ ಮಂಡಿನೋವು, ಯಾರೂ ಹೋಗಲಿಲ್ಲ. ಈ ವರ್ಷ ಜುಲೈನ ಪ್ರವಾಹ ರಸ್ತೆಯನ್ನೇ ನುಂಗಿತು. ಚರ್ಚಿನ ಸಮಿತಿಯ ಗಂಡಸರು ಸಭೆ ಸೇರಿ, ಇನ್ನೊಂದು ಸಭೆ ಸೇರಬೇಕೆಂದು ತೀರ್ಮಾನಿಸಿದರು.

"ಉತ್ತರದ ಗೋಡೆ ಈ ಚಳಿಗಾಲ ದಾಟಲ್ಲ ಮಗಳೇ," ಎಂದಳು ಅಮ್ಮ. "ಹಿಮ ಬಿದ್ದು ಕರಗಿದ್ರೆ ಗೋಡೆನೂ ಜೊತೆಗೇ ಕರಗುತ್ತೆ. ಸೆಪ್ಟೆಂಬರ್ ಕೊನೇ ಶನಿವಾರ ನಾವು ಹೋಗೇ ಹೋಗ್ತೀವಿ. ನಡೆದಾದ್ರೂ ಸೈ."

ಒಂಬತ್ತು ಮೈಲಿ, ಬಂಡೆಗಳ ಮೇಲೆ, ಆ ಮಂಡಿಯಲ್ಲಿ! ಮಗಳಾದವಳು ಸುಮ್ಮನಿರಲು ಸಾಧ್ಯವೇ?

ನಮ್ಮ ಎಸ್ಪನ್ಯೋಲ ಊರಿನಲ್ಲಿ ಶೋಕಿಗಾಗಿ ಗಾಡಿಗಳನ್ನು ನೆಲಕ್ಕೆ ತಾಗುವಂತೆ ಇಳಿಸುತ್ತಾರೆಯೇ ಹೊರತು ಏರಿಸುವುದಿಲ್ಲ. ದೆಲ್ಫೀನೊನ ನೇರಳೆ ಬಣ್ಣದ ಕಾರು ನೆಲದಿಂದ ನಾಲ್ಕು ಬೆರಳು ಮೇಲಿದೆ, ಅಷ್ಟೇ. ರಸ್ತೆಯಲ್ಲಿ ಚೂಯಿಂಗ್ ಗಮ್ ಬಿದ್ದಿದ್ದರೆ ಸುತ್ತುಹಾಕಿ ಹೋಗಬೇಕು. ಅಂಥವನ ಹೆಂಡತಿ ಗಾಡಿ ಎತ್ತರಿಸುತ್ತಾಳೆಂದರೆ ಅದು ಅವನ ಕುಲಕ್ಕೇ ಅವಮಾನ! ಆದರೂ ಪಾಪ, ಆ ಕಾರನ್ನು ಗ್ಯಾರೇಜಿನಿಂದ ಅಂಗಳಕ್ಕೆ ತಂದು, ಟಾರ್ಪಾಲು ಹೊದಿಸಿ, ನನ್ನ ಹಳೆ ಪಿಕಪ್ಪಿಗೆ ಜಾಗ ಬಿಟ್ಟುಕೊಟ್ಟ.

ಕೆಲಸ ಏನೆಂದು ಹೇಳಿಬಿಡುತ್ತೇನೆ. ನನ್ನ ಪಿಕಪ್ಪಿನ ಮುಂದಿನ ಎರಡು ಚಕ್ರಗಳೂ ಬೇರೆ ಬೇರೆ ಸಂಸಾರ ಹೂಡಿದ್ದವು. ಇದಕ್ಕೆ ಸ್ವತಂತ್ರ ಸಸ್ಪೆನ್ಷನ್ ಎನ್ನುತ್ತಾರೆ. ನುಣುಪಾದ ರಸ್ತೆಗೆ ಚೆನ್ನ, ಬಂಡೆಗೆ ಆಗದು. ಅವನ್ನು ಕಿತ್ತು, ಎರಡನ್ನೂ ಒಂದೇ ಗಟ್ಟಿ ಆಕ್ಸಲ್‌ಗೆ ಕಟ್ಟಿ, ಮೇಲೆ ಲಾರಿಯಂಥ ಕಮಾನು ಪಟ್ಟಿಯ ಸ್ಪ್ರಿಂಗು ಕೂರಿಸಬೇಕು. ಜೀವಮಾನವಿಡೀ ಸ್ವಾತಂತ್ರ್ಯದ ಭಾಷಣ ಬಿಗಿದವಳು ಈಗ ಎರಡು ಸ್ವತಂತ್ರ ಜೀವಗಳನ್ನು ಹಿಡಿದು ಒಂದೇ ಕಂಬಿಗೆ ಬೆಸುಗೆ ಹಾಕುತ್ತಿದ್ದೆ. ಮದುವೆ ಮಾಡಿಸುವ ಪಾದ್ರಿಗೂ ನನಗೂ ವ್ಯತ್ಯಾಸವೆಂದರೆ ನನ್ನ ಕೈಯಲ್ಲಿದ್ದ ವೆಲ್ಡಿಂಗ್ ಬಂದೂಕು!

ಮೂರು ದಿನ ಮೂರು ವಾರವಾಯಿತು. ಹಳೇ ಬೋಲ್ಟುಗಳು ತುಕ್ಕು ಹಿಡಿದು, ಹಳೇ ಗಂಡಂದಿರಂತೆ, ಕೂತಲ್ಲಿಂದ ಏಳಲೊಲ್ಲೆವು ಎಂದವು. ಹೊಸ ಆಕ್ಸಲ್‌ನ ಪೆಟ್ಟಿಗೆ ಬಂತು, ಒಳಗೆ ಒಂದು ಬ್ರಾಕೆಟ್ಟು ಬರಲಿಲ್ಲ. ಬ್ರಾಕೆಟ್ಟು ಬಂತು, ತೂತು ಕೂಡಲಿಲ್ಲ. ನಾನು ಬಸ್ಸಿನ ಶೆಡ್ಡಿನಿಂದ ಬಂದವಳೇ ಗಾಡಿಯ ಕೆಳಗೆ ತೂರಿಕೊಳ್ಳುತ್ತಿದ್ದೆ. ಹೊರಗೆ ಕಾಣುತ್ತಿದ್ದುದು ನನ್ನ ಎರಡು ಬೂಟು ಮಾತ್ರ. ಸಂಸಾರ ಆ ಬೂಟುಗಳ ಜೊತೆ ಮಾತಾಡತೊಡಗಿತು.

"ಊಟ ಆರ್ತಾ ಇದೆ," ಎನ್ನುತ್ತಿದ್ದ ದೆಲ್ಫೀನೊ.

"ಐದೇ ನಿಮಿಷ."

"ಒಂದು ಗಂಟೆ ಹಿಂದೆನೂ ಐದೇ ನಿಮಿಷ ಅಂದೆ."

"ಹೂಂ."

"ಹೂಂ ಅಂದ್ರೆ ಏನು? ಕೇಳಿಸ್ಕೊಂಡ್ಯಾ?"

"ಹೂಂ."

ಆ 'ಹೂಂ' ನನ್ನ ಗಂಟಲಿನದಲ್ಲ, ಸಾಕ್ಷಾತ್ ನನ್ನ ಅಪ್ಪನದು! ನಲವತ್ತು ವರ್ಷ ಅಮ್ಮನಿಗೆ ಅಪ್ಪ ಕೊಟ್ಟ ಏಕೈಕ ಉತ್ತರ. ಬೆನ್ನಮೇಲೆ ಮಲಗಿ ಎಣ್ಣೆ ಮುಖಕ್ಕೆ ತೊಟ್ಟಿಕ್ಕುತ್ತಿರುವಾಗ ನನಗೆ ಜ್ಞಾನೋದಯವಾಯಿತು: ಗಂಡಸಾಗುವುದಕ್ಕೆ ಮೀಸೆ ಬೇಕಿಲ್ಲ, ಒಂದು ಗ್ಯಾರೇಜಿದ್ದರೆ ಸಾಕು.

ಎರಡನೇ ವಾರ ಗೇರ್ ಎಣ್ಣೆ ಹಿಡಿಯಲು ಪಾತ್ರೆ ಸಿಗದೆ ಅಡುಗೆಮನೆಯಿಂದ ಒಂದು ದೊಡ್ಡ ತಟ್ಟೆ ತಂದೆ. ಬೇರಿಂಗುಗಳನ್ನು ಪಾತ್ರೆ ತೊಳೆಯುವ ಯಂತ್ರಕ್ಕೆ ಹಾಕಿದೆ. ಚೆನ್ನಾಗಿಯೇ ಬೆಳಗಿ ಬಂದವು. ಆಮೇಲೆ ತೊಳೆದ ಲೋಟಗಳಲ್ಲಿ ಮಾತ್ರ ಕಾಫಿಯ ಮೇಲೆ ಕಾಮನಬಿಲ್ಲು ತೇಲುತ್ತಿತ್ತು.

ದೆಲ್ಫೀನೊ ಬೂಟುಗಳ ಬಳಿ ಬಂದು ನಿಂತ. "ನನ್ನ ಎಂಚಿಲಾದಾ ಬೇಯಿಸೋ ತಟ್ಟೆ ಎಲ್ಲಿ?"

ನಾನು ಸರ್ರನೆ ಹೊರಗೆ ಜಾರಿ ಬಂದೆ. "ನಿನ್ನ ತಟ್ಟೆ? ಇಪ್ಪತ್ತೆರಡು ವರ್ಷ ಅದು ನನ್ನ ತಟ್ಟೆ ಆಗಿತ್ತು. 'ನಿನ್ನ ಅಡುಗೆಮನೆ, ನಿನ್ನ ತಟ್ಟೆ, ಎಲ್ಲಿದೆ ಅಂತ ನಂಗೇನು ಗೊತ್ತು' ಅಂತಿದ್ದೆ. ಯಾವಾಗಿಂದ ನಿನ್ನದಾಯ್ತು?"

"ಅದರಲ್ಲಿ ನೀನು ಗಾಡಿ ಎಣ್ಣೆ ಸುರಿದಾಗಿಂದ!" ಎಂದು ತಟ್ಟೆಯನ್ನು ಎದೆಗವಚಿಕೊಂಡು ಹೊರಟುಹೋದ. ಅಂಗಿಯೂ ಹಾಳಾಯಿತು. ಅದನ್ನು ಒಗೆದವನೂ ಅವನೇ.

ಇಷ್ಟರಲ್ಲಿ ಸುದ್ದಿ ಬೀದಿಗೆಲ್ಲ ಹಬ್ಬಿತು. ಮನೆಗೆಲಸವೆಲ್ಲ ದೆಲ್ಫೀನೊ ಮಾಡುತ್ತಿದ್ದಾನಂತೆ! ಎಂಥ ಸಂತ! ಅಮ್ಮನ ಗೆಳತಿ ಫಿದೇಲಾ ಚಿಕ್ಕಮ್ಮ ಅವನಿಗೆಂದು ಹಂದಿಮಾಂಸದ ಸಾರು ತಂದುಕೊಟ್ಟಳು. ರುಫೀನಾ ಚಿಕ್ಕಮ್ಮ ಸಿಹಿ ಬಿಸ್ಕತ್ತು ತಂದಳು. "ಪಾಪ, ಎಷ್ಟು ಸೊರಗಿದಾನೆ!" ಎಂದು ಅವನ ಕೆನ್ನೆ ಸವರಿದಳು. ಅದೇ ಕೆಲಸವನ್ನು ಇಪ್ಪತ್ತೆರಡು ವರ್ಷ ನಾನು ಮಾಡಿದಾಗ ಒಬ್ಬರೂ ಒಂದು ಹುರುಳಿ ಕಾಳನ್ನೂ ತಂದವರಲ್ಲ!

"ಚಿಕ್ಕಮ್ಮ, ನಂಗೆ?" ಎಂದು ಗಾಡಿಯ ಕೆಳಗಿನಿಂದ ಕೂಗಿದೆ.

"ನಿಂಗೇನಮ್ಮ, ಹಾಯಾಗಿ ಮಲಗಿದೀಯ!" ಎಂದಳು ರುಫೀನಾ ಚಿಕ್ಕಮ್ಮ.

ಅಂತೂ ಸೆಪ್ಟೆಂಬರಿನ ಕೊನೆಯ ಶುಕ್ರವಾರ ಕತ್ತಲಾಗುವ ಮೊದಲು ಕಡೆಯ ನಟ್ಟು ಬಿಗಿದೆ. ಆಹಾ! ಆರು ಇಂಚು ಎತ್ತರದ ಸ್ಪ್ರಿಂಗು, ಸೊಂಟದೆತ್ತರದ ಟೈರು, ಕೆಳಗೆ ಕೋಟೆ ಬಾಗಿಲಿನ ಅಗುಳಿಯಂಥ ಆಕ್ಸಲ್. ಗಾಡಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿದೆ. ಬೋಲ್ಟಿನ ದಪ್ಪ, ಸ್ಪ್ರಿಂಗಿನ ಬಾಗು, ಚಕ್ರಗಳ ಅಂತರ, ಎಲ್ಲವನ್ನೂ ಕೂದಲೆಳೆಯಷ್ಟೂ ತಪ್ಪದಂತೆ ಅಳೆದಿದ್ದೆ!

ಶನಿವಾರ ಬೆಳಿಗ್ಗೆ ಏಳಕ್ಕೆ ಅಮ್ಮ, ಐವರು ಗೆಳತಿಯರು, ಬಕೆಟ್ಟು, ಹುಲ್ಲಿನ ಹೊರೆ, ಜರಡಿ ಸಮೇತ ಅಂಗಳದಲ್ಲಿ ಹಾಜರು. ನಾನು ಎಂಜಿನ್ ಗುಡುಗಿಸಿದೆ. ರಿವರ್ಸ್ ಹಾಕಿದೆ.

"ನಿಲ್ಸು! ನಿಲ್ಸೇ ಮಾರಾಯ್ತಿ!" ದೆಲ್ಫೀನೊ ಎರಡೂ ಕೈ ಎತ್ತಿ ಕುಣಿಯುತ್ತಿದ್ದ.

ಇಳಿದು ನೋಡಿದೆ. ನಮ್ಮ ಗ್ಯಾರೇಜು ದೆಲ್ಫೀನೊನ ಅಜ್ಜ ಮಣ್ಣಿನಲ್ಲಿ ಕಟ್ಟಿದ್ದು. ಅಜ್ಜ ಕುಳ್ಳ. ಬಾಗಿಲ ಮೇಲೆ ಅವನಿಟ್ಟ ಮರದ ತೊಲೆ ಆರು ಅಡಿ ನಾಲ್ಕು ಇಂಚಿನಲ್ಲಿತ್ತು. ನನ್ನ ಗಾಡಿಯ ನೆತ್ತಿ ಅದಕ್ಕಿಂತ ಮೂರು ಇಂಚು ಮೇಲಿತ್ತು. ಪ್ರಪಂಚವನ್ನೆಲ್ಲ ಅಳೆದವಳು ಬಾಗಿಲನ್ನು ಅಳೆದಿರಲಿಲ್ಲ!

"ಹಳೇ ಟೈರು ಹಾಕು," ಎಂದ ದೆಲ್ಫೀನೊ.

"ಮಂಗಳವಾರ ಮಾರಿಬಿಟ್ಟೆ."

"ತೊಲೆ ಕೊಯ್ದುಬಿಡಿ," ಎಂದಳು ಫಿದೇಲಾ ಚಿಕ್ಕಮ್ಮ.

"ಕೊಯ್ದರೆ ಛಾವಣಿ ಬಂದು ನಿಮ್ಮ ಪಕ್ಕ ಕೂತ್ಕೊಳ್ಳುತ್ತೆ ಚಿಕ್ಕಮ್ಮ."

ಅಮ್ಮ ಬಕೆಟ್ಟು ಎತ್ತಿಕೊಂಡು ರಸ್ತೆಯ ಕಡೆ ನಡೆಯತೊಡಗಿದಳು. ಒಂಬತ್ತು ಮೈಲಿಯ ಮೊದಲ ಹತ್ತು ಹೆಜ್ಜೆ.

ನಾನು ಟೈರುಗಳ ಗಾಳಿ ಬಿಟ್ಟೆ. ಒಂದು ಇಂಚು ಇಳಿಯಿತು. ಇನ್ನೂ ಎರಡು!

ಆಗ ದೆಲ್ಫೀನೊನ ಮುಖ ಬೆಳಗಿತು. ಅವನ ಕುಲವಿದ್ಯೆ ಎಚ್ಚೆತ್ತಿತ್ತು. "ಇಳಿಸೋದಲ್ವಾ? ಅದು ನಮ್ಮ ಕಸುಬು! ನಮ್ಮ ಮಾವ ಕಾರು ಇಳಿಸೋದಕ್ಕೆ ಡಿಕ್ಕೀಲಿ ಮರಳಿನ ಚೀಲ ಹೇರ್ತಿದ್ದ. ಭಾರ ಬಿದ್ರೆ ಸ್ಪ್ರಿಂಗು ತಗ್ಗುತ್ತೆ."

"ಮರಳಿನ ಚೀಲ ಎಲ್ಲಿದೆ?"

ಅವನು ಮೆಲ್ಲಗೆ ಐವರು ಚಿಕ್ಕಮ್ಮಂದಿರ ಕಡೆ ನೋಡಿದ. ನಾನೂ ನೋಡಿದೆ. ಐವರೂ ಒಬ್ಬರನ್ನೊಬ್ಬರು ನೋಡಿಕೊಂಡರು.

"ಏನು ನೋಡ್ತಿದೀಯ?" ಎಂದಳು ರುಫೀನಾ ಚಿಕ್ಕಮ್ಮ, ಸೊಂಟಕ್ಕೆ ಕೈ ಕೊಟ್ಟು.

"ಚಿಕ್ಕಮ್ಮ... ಸಾವಿರ ಪೌಂಡು ಬೇಕು. ಯಾರು ಎಷ್ಟೆಷ್ಟು ತೂಕ..." ಎಂದೆ ನಾನು, ಎರಡು ಇಂಚಿಗೆ ಲೆಕ್ಕ ಹಾಕಿ.

ಫಿದೇಲಾ ಚಿಕ್ಕಮ್ಮ ಘನತೆಯಿಂದ ನುಡಿದಳು: "ನಂದು ನೂರ ಹದಿನೆಂಟು. ಲೈಸೆನ್ಸಿನಲ್ಲೇ ಬರೆದಿದೆ."

"ಯಾವ ವರ್ಷದ ಲೈಸೆನ್ಸು?"

"ಮದುವೆ ವರ್ಷದ್ದು."

ಲೈಸೆನ್ಸುಗಳನ್ನೆಲ್ಲ ಕೂಡಿಸಿದರೆ ಅಮ್ಮನೂ ಸೇರಿ ಆರುನೂರ ಐವತ್ತು. ಜೀವನವಿಡೀ ಡಾಕ್ಟರರು, ಗಂಡಂದಿರು, ಟೀವಿಯವರು 'ಇಳಿಸಿ, ಇಳಿಸಿ' ಎಂದು ಪ್ರಾಣ ತಿಂದಿದ್ದ ಆ ಹೆಂಗಸರ ಮುಂದೆ ನಾನು ಕೈಮುಗಿದು ನಿಂತೆ: "ಇವತ್ತು ಒಂದು ಔನ್ಸೂ ಕಡಿಮೆಯಾಗ್ಬೇಡಿ, ದಮ್ಮಯ್ಯ!"

"ತಡಿ ಹಾಗಿದ್ರೆ," ಎಂದ ರುಫೀನಾ ಚಿಕ್ಕಮ್ಮ ಒಳಗೆ ಹೋಗಿ ದೆಲ್ಫೀನೊ ಮಾಡಿಟ್ಟ ಎರಡು ಬುರಿತೋ ರೊಟ್ಟಿಸುರುಳಿ ತಿಂದು ಬಂದಳು. "ಕರ್ತವ್ಯ!" ಎಂದು ಬಾಯಿ ಒರೆಸಿಕೊಂಡಳು.

ಅಮ್ಮನನ್ನು ರಸ್ತೆಯಿಂದ ವಾಪಸು ಕರೆತಂದೆವು. ಗಾಡಿಯ ಪಕ್ಕದಲ್ಲಿದ್ದ ದೊಡ್ಡ ಫ್ರೀಜರ್ ಪೆಟ್ಟಿಗೆಯ ಮೇಲೆ ದೆಲ್ಫೀನೊ ಒಬ್ಬೊಬ್ಬರನ್ನೇ ಹತ್ತಿಸಿ, ಅಲ್ಲಿಂದ ಗಾಡಿಗೆ ದಾಟಿಸಿದ. ಅಮ್ಮ ಮುಂದಿನ ಸೀಟಿನಲ್ಲಿ. ಇಬ್ಬರು ಬಾನೆಟ್ಟಿನ ಮೇಲೆ ಅಂಗಾತ, ಶವಪೆಟ್ಟಿಗೆಯ ಸಂತರಂತೆ ಎದೆಯ ಮೇಲೆ ಕೈಯಿಟ್ಟು. ಮೂವರು ಹಿಂದೆ, ಹಂಡೆಯಲ್ಲಿ ಬೇಯುವ ಟಮಾಲೆ ಕಡುಬುಗಳಂತೆ ಒತ್ತೊತ್ತಾಗಿ.

ಕಮಾನು ಪಟ್ಟಿಗಳು ನಿಟ್ಟುಸಿರುಬಿಟ್ಟವು. ಲೈಸೆನ್ಸಿನ ಲೆಕ್ಕದಲ್ಲಿ ಒಂದೂಕಾಲು ಇಂಚು ಇಳಿಯಬೇಕಿತ್ತು. ಗಾಡಿ ಎರಡೂವರೆ ಇಳಿಯಿತು! ಸ್ಪ್ರಿಂಗು ಸುಳ್ಳು ಹೇಳುವುದಿಲ್ಲ.

"ಯಾರೂ ಉಸಿರು ಬಿಡ್ಬೇಡಿ!" ಎಂದು ಕೂಗಿ ಕ್ಲಚ್ಚು ಬಿಟ್ಟೆ. ಇಂಚಿಂಚಾಗಿ ಹಿಂದಕ್ಕೆ. ತೊಲೆ ನೆತ್ತಿಯ ಮೇಲೆ ಕೂದಲು ಬಾಚುವಂತೆ ಹಾದುಹೋಯಿತು. ಬಾನೆಟ್ಟಿನ ಮೇಲಿದ್ದ ಫಿದೇಲಾ ಚಿಕ್ಕಮ್ಮ ಕಣ್ಣುಮುಚ್ಚಿ ಜಪಮಾಲೆಯನ್ನು ಅರ್ಧ ಮುಗಿಸಿದ್ದಳು. ಬಿಸಿಲು ಬಿದ್ದೊಡನೆ ಹಿಂದಿನಿಂದ "ಹೋಯ್!" ಎಂಬ ಕೇಕೆ. ದೆಲ್ಫೀನೊ ಟೈರಿಗೆ ಗಾಳಿ ತುಂಬಿಸಿದ. ಬಾನೆಟ್ಟಿನವರು ಹಾಗೆಯೇ ತೆವಳಿ ಹಿಂದಕ್ಕೆ ಹೋದರು.

"ಯಾರೂ ಇಳೀಬೇಡಿ, ಹೀಗೇ ಹೋಗೋಣ!" ಎಂದೆ. ಅಡುಗೆ ಬಾಕಿಯಿದ್ದ ದೆಲ್ಫೀನೊ ಅಂಗಳದಲ್ಲೇ ಉಳಿದ.

ಆ ಪ್ರಯಾಣ ಏನೆಂದು ಹೇಳಲಿ! ಶನಿವಾರದ ಪೇಟೆ ಬೀದಿಯಲ್ಲಿ ತಗ್ಗು ಕಾರುಗಳ ಮೆರವಣಿಗೆ. ಅವುಗಳ ನಡುವೆ ನಾವು, ಆನೆಯ ಮೇಲೆ ಐವರು ರಾಣಿಯರು ಬಕೆಟ್ಟು ಹಿಡಿದು ಕೂತಂತೆ. ಕಾರಿನೊಳಗಿನ ಮೀಸೆಗಳೆಲ್ಲ ಕತ್ತೆತ್ತಿ ನೋಡಿದವು. ರುಫೀನಾ ಚಿಕ್ಕಮ್ಮ ಎಲ್ಲರಿಗೂ ಕೈ ಬೀಸಿದಳು. ಕೊಚ್ಚಿಹೋದ ಹಳ್ಳ ಬಂತು. ಕುರಿಗಾತ್ರದ ಬಂಡೆಗಳು, ಹಸುಗಾತ್ರದ ಬಂಡೆಗಳು. ನನ್ನ ಗಾಡಿ ಒಂದೊಂದೇ ಕಾಲೆತ್ತಿ, ಬಾಗಿ, ಬಳುಕಿ, ಹತ್ತಿಯೇ ಹತ್ತಿತು! ನಾನು ನಗುತ್ತಿದ್ದೆ, ಅಳುತ್ತಿದ್ದೆ. "ನೋಡಿದ್ಯಾ ಅಮ್ಮ? ನೋಡಿದ್ಯಾ?"

"ಮುಂದೆ ನೋಡು," ಎಂದಳು ಅಮ್ಮ. ಅವಳು ಆಗಲೇ ದೂರದ ಗೋಡೆಯನ್ನು ನೋಡುತ್ತಿದ್ದಳು.

ಇಳಿಯುವುದಕ್ಕೆ ಯಾರಿಗೂ ವಿದ್ಯೆ ಬೇಕಾಗಲಿಲ್ಲ. ಜಾರಿದರು, ಅಷ್ಟೇ. ಆರು ಮಂದಿಯೂ ಮಣ್ಣು ಜರಡಿ ಹಿಡಿದು, ಹುಲ್ಲು ಬೆರೆಸಿ, ಹಳ್ಳದ ನೀರು ಹಾಕಿ ತುಳಿದು, ಅಂಗೈಯಲ್ಲಿ ಬಳಿಯುತ್ತ ಹೋದರು. ನಾನು ಮಣ್ಣು ಹೊತ್ತೆ. ನಡುನಡುವೆ ಆಕ್ಸಲ್‌ನ ವಿಷಯ ತೆಗೆದೆ. "ಹೂಂ," ಎಂದರು ಆರೂ ಜನ, ಗೋಡೆಯಿಂದ ಕಣ್ಣು ತೆಗೆಯದೆ. ನಾಲ್ಕು ಗಂಟೆಗೆ ಉತ್ತರದ ಗೋಡೆ ಒದ್ದೆಯಾಗಿ, ನುಣ್ಣಗೆ, ಆಗತಾನೇ ಸ್ನಾನ ಮಾಡಿಸಿದ ಮಗುವಿನಂತೆ ನಿಂತಿತ್ತು. ಅಮ್ಮ ಅದರ ಕೆನ್ನೆ ತಟ್ಟಿದಳು. "ಈ ಚಳಿಗಾಲ ದಾಟ್ತೀಯ," ಎಂದಳು.

ಹೊರಡುವ ಹೊತ್ತು. ಅಮ್ಮ ಗಾಡಿಯ ಬಾಗಿಲ ಬಳಿ ಬಂದು ನಿಂತಳು. ಗಾಡಿಯ ತಳ ಅವಳ ಎದೆಗಿತ್ತು! ಅಮ್ಮ ಗಾಡಿಯನ್ನು ನೋಡಿದಳು. ನನ್ನನ್ನು ನೋಡಿದಳು. ಓಹಿತೋಸ್‌ನಲ್ಲಿ ಫ್ರೀಜರ್ ಇರಲಿಲ್ಲ.

"ಚರ್ಚಿನ ಬೆಂಚು ತರಲಾ?"

"ಬೀಗ ಹಾಕಿದೆ. ಕೀಲಿ ಸಮಿತಿಯವರ ಹತ್ರ. ಸಭೆ ಸೇರಿದ್ರೆ ಕೊಡ್ತಾರೆ."

ಬಕೆಟ್ಟು ಬೋರಲು ಹಾಕಿದೆವು. ರುಫೀನಾ ಚಿಕ್ಕಮ್ಮ ಒಂದು ಕಾಲಿಟ್ಟಳು, ಫಟ್! ಬಕೆಟ್ಟು ಅವಳ ಮೊಣಕಾಲಿಗೆ ಬಳೆಯಾಯಿತು. ಎರಡು ಬುರಿತೋಗಳು ಸೇಡು ತೀರಿಸಿಕೊಂಡಿದ್ದವು.

"ಮಂಡಿಯೂರು ಮಗಳೇ," ಎಂದಳು ಅಮ್ಮ.

ನನ್ನ ಕಣ್ಣು ತೇವವಾಯಿತು. ಅಂತೂ ಹರಸುತ್ತಾಳೆ! ಚರ್ಚಿನ ಎದುರು, ಸಂಜೆಯ ಬಿಸಿಲಲ್ಲಿ! "ಪ್ರಾರ್ಥನೆಗಾ ಅಮ್ಮ?"

"ಹತ್ತೋದಕ್ಕೆ. ಕೈನೂ ಊರು."

ಊರಿದೆ. ಹದಿನಾಲ್ಕು ವರ್ಷದ ಅನುಭವಿ ಮೆಕ್ಯಾನಿಕ್, ಎಸ್ಪನ್ಯೋಲದ ಅತ್ಯುನ್ನತ ಗಾಡಿಯ ನಿರ್ಮಾತೃ, ನಾಲ್ಕು ಕಾಲಿನ ಮೇಲೆ ನಿಂತೆ. ಹನ್ನೆರಡು ಮಣ್ಣುಗಾಲುಗಳು ಒಂದಾದಮೇಲೊಂದು ನನ್ನ ಬೆನ್ನು ತುಳಿದು ಮೇಲೇರಿದವು. ಫಿದೇಲಾ ಚಿಕ್ಕಮ್ಮನ ನೂರ ಹದಿನೆಂಟು ಪೌಂಡು ಎಂಥ ಪುರಾಣವೆಂಬುದಕ್ಕೆ ನನ್ನ ಬೆನ್ನುಮೂಳೆಯೇ ಸಾಕ್ಷಿ. ಕಡೆಗೆ ಅಮ್ಮ ಹತ್ತಿದಳು. ಸೀಟಿನಲ್ಲಿ ಕೂತು, ಲಂಗದ ಅಂಚು ಸರಿಮಾಡಿಕೊಂಡು, ಕಿಟಕಿಯಿಂದ ಬಗ್ಗಿ ನನ್ನನ್ನು ನೋಡಿದಳು. ಇಡೀ ದಿನದಲ್ಲಿ ಮೊದಲ ಸಲ ಮೆಚ್ಚುಗೆಯ ಮಾತಾಡಿದಳು.

"ಚೆನ್ನಾಗಿದೆ ಮಗಳೇ. ಈ ಗಾಡೀಲಿ ಸರಿಯಾದ ಎತ್ತರಕ್ಕಿರೋ ಭಾಗ ಅಂದ್ರೆ ನೀನೊಬ್ಬಳೇ!"