ಭಾನುವಾರದ ಕ್ಲಿನಿಕ್ಕಿಗೆ ನಾನು ಅರ್ಜಿ ಬರೆದದ್ದು

ಅಪಾರ್ಟ್‌ಮೆಂಟಿನಲ್ಲಿ ವಾಸಿಸುವವರಿಗೆ ನನ್ನದೊಂದು ಕಿವಿಮಾತು: ನಿಮಗೆ ಏನು ಬರುತ್ತದೆ ಎಂಬುದನ್ನು ಲಿಫ್ಟಿನಲ್ಲಿ ಮಾತ್ರ ಬಾಯಿಬಿಡಬೇಡಿ. ನಮ್ಮ ಮೇಲಿನ ಮನೆಯವರು ಒಮ್ಮೆ ತಮಗೆ ಸ್ವಲ್ಪ ವೈರಿಂಗ್ ಗೊತ್ತು ಅಂದಿದ್ದರು, ಅಷ್ಟೇ. ಈಗ ಯಾವ ಹಬ್ಬ ಬಂದರೂ ಸೀರಿಯಲ್ ಸೆಟ್ ಕಟ್ಟಲು ಅವರು ಏಣಿಯ ಮೇಲಿರುತ್ತಾರೆ. ನಮಗೆಲ್ಲ ಅವರ ಮುಖಕ್ಕಿಂತ ಪಾದಗಳೇ ಹೆಚ್ಚು ಪರಿಚಿತ. ಇಷ್ಟು ಕಣ್ಣಾರೆ ಕಂಡಿದ್ದೂ ನಾನು ಬಾಯಿಬಿಟ್ಟೆ. ನಾನು ವೈಟ್‌ಫೀಲ್ಡಿನ ಒಂದು ಕಂಪನಿಯಲ್ಲಿ ಗೀಸರ್, ಮಿಕ್ಸಿಗಳ ಜೊತೆ ಕೊಡುವ ಪುಸ್ತಿಕೆ ಬರೆಯುವವನು. ಡಬ್ಬದೊಳಗೆ ಥರ್ಮೋಕೋಲಿನ ಕೆಳಗೆ ಮಲಗಿರುತ್ತದಲ್ಲ, ಯಾರೂ ಬಿಚ್ಚಿ ನೋಡುವುದಿಲ್ಲವಲ್ಲ, ಅದು. ಓದುಗರಿಲ್ಲದ ಲೇಖಕನಿಗೆ ವಿಮರ್ಶಕರ ಕಾಟವೂ ಇಲ್ಲ ಎಂಬ ನೆಮ್ಮದಿಯಲ್ಲಿ ಬದುಕಿದ್ದೆ. ಆ ದಿನ ಲಿಫ್ಟಿನಲ್ಲಿ ಎರಡನೇ ಮಹಡಿಯ ಡಾಕ್ಟರ್ ವಿಮಲಾ, "ನೀವು ಏನ್ ಕೆಲಸ ಮಾಡ್ತೀರಿ?" ಅಂತ ಕೇಳಿದರು. "ಬರೀತೀನಿ ಮೇಡಂ" ಅಂದೆ. ಲಿಫ್ಟಿನ ಬಾಗಿಲು ತೆರೆಯುವಷ್ಟರಲ್ಲಿ ನಾನು ಒಂದು ಅನುದಾನದ ಅರ್ಜಿ ಬರೆಯುವುದೆಂದು ತೀರ್ಮಾನವಾಗಿತ್ತು.

ಡಾಕ್ಟರ್ ವಿಮಲಾ ಸರ್ಕಾರಿ ಆಸ್ಪತ್ರೆಯಿಂದ ನಿವೃತ್ತರಾದವರು. ನಿವೃತ್ತಿ ಆಗಿದ್ದು ಕೆಲಸಕ್ಕೆ, ದನಿಗಲ್ಲ. ಹೂಡಿಯ ಹಳೇ ಊರಿನ ಗಲ್ಲಿಯಲ್ಲಿ ಒಂದು ಅಂಗಡಿ ಕೋಣೆ ಹಿಡಿದು, ಭಾನುವಾರ ಮಧ್ಯಾಹ್ನ ಸುತ್ತಲಿನ ಫ್ಲ್ಯಾಟುಗಳಲ್ಲಿ ಮನೆಗೆಲಸ ಮಾಡುವ ಹೆಂಗಸರಿಗೆ ಬಿಪಿ, ಶುಗರ್ ನೋಡಿ ಮಾತ್ರೆ ಕೊಡುತ್ತಿದ್ದರು. ನಮ್ಮ ಮನೆಯ ಅಡುಗೆಯ ಹುಲಿಗೆಮ್ಮ ಒಂದು ಬೆಳಿಗ್ಗೆ ಒಲೆಯ ಮುಂದೆ ತಲೆಸುತ್ತಿ ಕೂತುಬಿಟ್ಟಾಗ, ಬಿಪಿ ಏರಿ ಕೂತಿದೆ ಎಂದು ಪತ್ತೆ ಹಚ್ಚಿದ್ದೂ ಅವರೇ. ಅಂಥವರು ಅಲ್ಲಿ ಬಹಳ ಜನ. ತಮಗೆ ಕಾಯಿಲೆ ಇದೆ ಅನ್ನುವುದೇ ಗೊತ್ತಿಲ್ಲದವರು, ಗೊತ್ತಿದ್ದರೂ ಆಸ್ಪತ್ರೆಗೆ ಹೋದರೆ ಒಂದು ದಿನದ ಕೆಲಸ ತಪ್ಪುತ್ತದೆಂದು ಸುಮ್ಮನಿರುವವರು. ಆದರೆ ಡಾಕ್ಟರು ಸ್ವಂತ ಕೈಯಿಂದ ಎಷ್ಟು ದಿನ ಮಾತ್ರೆ ಕೊಟ್ಟಾರು? "ಈ ಸಲ ಅನುದಾನ ಸಿಗ್ಲಿಲ್ಲ ಅಂದ್ರೆ ಬಾಗ್ಲು ಹಾಕ್ಬಿಡ್ತೀನಿ ಕಣ್ರೀ. ಮಾತ್ರೆ ಶುರು ಮಾಡ್ಸಿ ನಡುವೆ ನಿಲ್ಸೋದು ಮೋಸ" ಅಂದರು. ಆ ಮಾತು ಹೇಳುವಾಗ ಮಾತ್ರ ಅವರ ದನಿ ತಗ್ಗಿತ್ತು.

ಒಂದು ದೊಡ್ಡ ಕಂಪನಿಯ ಸಮಾಜಸೇವಾ ನಿಧಿಯವರು ಅರ್ಜಿ ಕರೆದಿದ್ದರು. ನಾನು ಹುಮ್ಮಸ್ಸಿನಿಂದ ಕೂತೆ. ಆದರೆ ಕೈ ತನ್ನ ಅಭ್ಯಾಸ ಬಿಡುತ್ತದೆಯೇ? "ರೋಗಿಯನ್ನು ಸಮತಟ್ಟಾದ ಜಾಗದಲ್ಲಿ ಕೂರಿಸಿ. ಒದ್ದೆ ಕೈಯಿಂದ ಮುಟ್ಟಬೇಡಿ. ಬಳಸದೆ ಇರುವಾಗ ಸ್ವಿಚ್ ಆರಿಸಿ" ಎಂದೆಲ್ಲ ಬರೆದಿದ್ದೆ. ಡಾಕ್ಟರು ಓದಿ, "ವಾರಂಟಿ ಎಷ್ಟು ವರ್ಷ?" ಅಂದರು.

ಅವಮಾನವಾಗಿ, ಎರಡನೇ ಕರಡಿನಲ್ಲಿ ಆಫೀಸಿನ ಪ್ರೆಸೆಂಟೇಷನ್‌ಗಳಲ್ಲಿ ಕೇಳಿದ್ದ ಘನವಾದ ಪದಗಳನ್ನೆಲ್ಲ ತಂದು ಸುರಿದೆ. ಸಮಗ್ರ, ಬಹುಆಯಾಮದ, ಪರಿವರ್ತನಾತ್ಮಕ, ಇಕೋಸಿಸ್ಟಂ. ಒಂದೊಂದು ವಾಕ್ಯವೂ ಗೂಡ್ಸ್ ಗಾಡಿಯಷ್ಟು ಉದ್ದ. ಡಾಕ್ಟರು ಕನ್ನಡಕ ತೆಗೆದಿಟ್ಟು, "ನಾವೇನು ರಾಕೆಟ್ ಬಿಡ್ತಿದೀವಾ?" ಎಂದು ಕೇಳಿದರು. "ಅಲ್ಲ ಮೇಡಂ, 'ನಿಮ್ಮ ಯೋಜನೆಯಲ್ಲಿ ಹೊಸತೇನು?' ಅಂತ ಕೇಳಿದ್ದಾರೆ..." ಎಂದು ರಾಗ ಎಳೆದೆ. "ಬಿಪಿ ನೋಡೋದ್ರಲ್ಲಿ ಹೊಸದೇನು ಮಾಡ್ಬೇಕ್ರೀ? ಪಟ್ಟಿ ಕಾಲಿಗೆ ಕಟ್ಬೇಕಾ? ಮೊದ್ಲು ಒಂದು ಭಾನುವಾರ ಬಂದು ಕೂತ್ಕೊಳ್ಳಿ. ಕಂಡಿದ್ದು ಬರೀರಿ" ಅಂದರು.

ಹೋಗಿ ಕೂತೆ. ಆಗ ತಿಳಿದದ್ದು, ಹೊಸತು ಬಾಗಿಲಲ್ಲೇ ಕುಕ್ಕರುಗಾಲಲ್ಲಿ ಕೂತು ಎಲೆಅಡಿಕೆ ಹಾಕುತ್ತಿತ್ತು ಎಂದು. ಅದರ ಹೆಸರು ಅಕ್ಕಯ್ಯಮ್ಮ. ಈ ಕೋಣೆಯ ಮಾಲೀಕ ಮುನಿರಾಜು ಅವರ ತಾಯಿ. ಹಿಂದೆ ರಾಗಿ ಹೊಲವಿದ್ದ ಜಾಗದಲ್ಲಿ ಈಗ ಇವರ ಬಾಡಿಗೆ ಮನೆಗಳಿವೆ. ಕಳೆ ಕೀಳುವ ಕೆಲಸವಿಲ್ಲದೆ ಅಕ್ಕಯ್ಯಮ್ಮನಿಗೆ ಕೈ ಕಡಿಯುತ್ತದೆ. ಹಾಗಾಗಿ ಗಲ್ಲಿಯಲ್ಲಿ ಹಾದುಹೋಗುವ ಹೆಂಗಸರ ರಟ್ಟೆ ಹಿಡಿದು ಒಳಗೆ ಎಳೆಯುತ್ತಿದ್ದರು. "ಬಾರಮ್ಮಿ, ಕೈ ಕೊಡು. ನಿಂಗೇನು ಆಗಿಲ್ವಾ? ಎಲ್ರೂ ಅಂಗೇ ಅನ್ನೋದು!" ಸಂಕೋಚ ಪಟ್ಟು ತಪ್ಪಿಸಿಕೊಂಡವರನ್ನು ಮರುದಿನ ಅವರು ಕೆಲಸ ಮಾಡುವ ಫ್ಲ್ಯಾಟಿನ ಗೇಟಿನಲ್ಲೇ ಹೋಗಿ ಹಿಡಿಯುತ್ತಿದ್ದರಂತೆ. ಸೆಕ್ಯುರಿಟಿಯವರು ತಡೆದರೆ ಅವರ ಕೈಯನ್ನೂ ಬಿಡುತ್ತಿರಲಿಲ್ಲ.

ಕಂಡದ್ದನ್ನು ಬರೆದೆ. ಯಾರು ಬರುತ್ತಾರೆ, ಯಾಕೆ ಬೇರೆ ದಿನ ಬರಲಾಗುವುದಿಲ್ಲ, ಏನು ಮಾಡುತ್ತಿದ್ದೇವೆ, ಏನು ಸಾಲದು, ನಿಮ್ಮ ನೆರವು ನಿಂತ ಮೇಲೆ ಯಾರು ನೋಡಿಕೊಳ್ಳುತ್ತಾರೆ. ಸಣ್ಣ ಸಣ್ಣ ವಾಕ್ಯ. ಆದರೂ ಬರಹಗಾರನಿಗೆ ಒಂದಿಷ್ಟು ಚಪಲ ಇರುತ್ತದಲ್ಲ, ಪದವಿಗಳನ್ನು ಮಾತ್ರ ಧಾರಾಳವಾಗಿ ಹಂಚಿದೆ. ಅಕ್ಕಯ್ಯಮ್ಮ 'ಸಮುದಾಯ ಸಂಘಟಕಿ' ಆದರು. ಮುನಿರಾಜು 'ಸ್ಥಳೀಯ ಪಾಲುದಾರ' ಆದರು. ಕೋಣೆಯ ಹೊರಗಿನ ಪ್ಲಾಸ್ಟಿಕ್ ಸ್ಟೂಲುಗಳು 'ನಿರೀಕ್ಷಣಾ ವಿಭಾಗ' ಆದವು. ಕೊನೆಗೆ, ಬರವಣಿಗೆಯ ಓಘದಲ್ಲಿ, 'ಸುತ್ತಲಿನ ಎಲ್ಲ ಮನೆಯವರೂ ತಮ್ಮ ಕೆಲಸದವರನ್ನು ಆ ಹೊತ್ತಿಗೆ ಸಂತೋಷದಿಂದ ಕಳಿಸಿಕೊಡುತ್ತಾರೆ' ಎಂದೂ ಸೇರಿಸಿದೆ. ಕೇಳಲು ಚೆನ್ನಾಗಿತ್ತು.

ಅರ್ಜಿ ಮೊದಲ ಸುತ್ತಿನಲ್ಲಿ ಪಾಸಾಯಿತು. ಒಬ್ಬ ಅಧಿಕಾರಿ ಬಂದು ಕಣ್ಣಾರೆ ನೋಡುತ್ತಾರೆಂದು ಮೇಲ್ ಬಂತು. ನಾನು ಮಾಡಿದ ಅವಿವೇಕವೆಂದರೆ, ಮುನಿರಾಜು ಅವರಿಗೆ ಅವರ ಪದವಿಯನ್ನು ಮೊದಲೇ ತಿಳಿಸಿದ್ದು. ಆ ಭಾನುವಾರ ನಾನು ಗಲ್ಲಿಗೆ ಕಾಲಿಟ್ಟರೆ ಕಣ್ಣು ಕೋರೈಸಿತು. ಬಾಗಿಲಿಗಿಂತ ದೊಡ್ಡ ಫ್ಲೆಕ್ಸ್! ಅದರಲ್ಲಿ ಕಪ್ಪು ಕನ್ನಡಕ, ಚಿನ್ನದ ಸರ ಹಾಕಿಕೊಂಡು ಮುನಿರಾಜು ಕೈ ಮುಗಿದಿದ್ದಾರೆ. ಕೆಳಗೆ 'ಸ್ಥಳೀಯ ಪಾಲುದಾರರಿಂದ ಹಾರ್ದಿಕ ಸುಸ್ವಾಗತ'. ಮೂಲೆಯಲ್ಲಿ ಅಂಚೆಚೀಟಿಯಷ್ಟು ಡಾಕ್ಟರ್ ವಿಮಲಾ.

"ಏನ್ ಸಾರ್ ಇದು?" ಎಂದೆ ಗಾಬರಿಯಿಂದ.

"ಸಕ್ಕತ್ತಾಗಿದೆ ಅಲ್ವಾ? ನಿಮ್ ಫೋಟೋನೂ ಹಾಕ್ಸೋಣ ಅಂದೆ, ನಿಮ್ದು ಕಪ್ಪು ಕನ್ನಡಕ ಇರೋ ಫೋಟೋ ಸಿಗ್ಲಿಲ್ಲ" ಅಂದರು ಮುನಿರಾಜು.

ಅಷ್ಟರಲ್ಲಿ ಅಧಿಕಾರಿ ಬಂದೇಬಿಟ್ಟರು. ಕಾಟನ್ ಸೀರೆ ಉಟ್ಟ, ನಗು ಕಡಿಮೆ ಇರುವ ಹೆಂಗಸು. ಕೈಯಲ್ಲಿ ನನ್ನ ಅರ್ಜಿ, ಅದರ ತುಂಬ ಕೆಂಪು ಗೆರೆ. ಫ್ಲೆಕ್ಸನ್ನು ಬಹಳ ಹೊತ್ತು ನೋಡಿದರು. ಕಥೆ ಮುಗಿಯಿತು ಅಂದುಕೊಂಡೆ. ಆದರೆ ಅವರು "ಊರಿನವರೇ ಇಷ್ಟು ಆಸಕ್ತಿ ತಗೊಂಡಿದ್ದಾರಲ್ಲ" ಅಂತ ಅದರ ಫೋಟೋ ಹೊಡೆದುಕೊಂಡರು. ಮುನಿರಾಜು ತಮ್ಮ ಫೋಟೋದ ಪಕ್ಕದಲ್ಲಿ ಅದೇ ಭಂಗಿಯಲ್ಲಿ ನಿಂತು ಸಹಕರಿಸಿದರು.

"ಸಮುದಾಯ ಸಂಘಟಕಿ ಎಲ್ಲಿದ್ದಾರೆ?" ಎಂದು ಕೇಳಿದರು ಅಧಿಕಾರಿ. ಅಕ್ಕಯ್ಯಮ್ಮನಿಗೆ ಮಾತ್ರ ಈ ಪದವಿಯ ವಿಷಯ ಯಾರೂ ಹೇಳಿರಲಿಲ್ಲ. ಬೆರಳು ತೋರಿಸಿದೆ. ಅಧಿಕಾರಿ ಬಗ್ಗಿ, ಮರ್ಯಾದೆಯಿಂದ ಕೇಳಿದರು: "ಅಮ್ಮ, ಇಲ್ಲಿ ನಿಮ್ಮ ಪಾತ್ರ ಏನು?"

"ಪಾತ್ರೆನಾ? ಅವೆಲ್ಲ ನಮ್ ಸೊಸೆ ತೊಳೀತಾಳೆ" ಅಂದ ಅಕ್ಕಯ್ಯಮ್ಮ, ಅವರ ಮುಖವನ್ನೇ ದಿಟ್ಟಿಸಿ, "ಯಾಕವ್ವ ಇಂಗೆ ಬೆವ್ತಿದೀಯ? ಬಾ, ಕೈ ಕೊಡು" ಎಂದು ರಟ್ಟೆಗೆ ಕೈ ಹಾಕಿದರು.

"ಅಯ್ಯೋ, ನನಗೇನೂ ಇಲ್ಲಮ್ಮ, ನಾನು ನೋಡೋಕೆ ಬಂದಿರೋದು..."

"ಎಲ್ರೂ ಅಂಗೇ ಅನ್ನೋದು!"

ಕಣ್ಣು ಮುಚ್ಚಿ ತೆರೆಯುವುದರೊಳಗೆ ಅಧಿಕಾರಿ ನಿರೀಕ್ಷಣಾ ವಿಭಾಗದ ಸ್ಟೂಲಿನ ಮೇಲಿದ್ದರು. ಸರದಿ ಬಂದಾಗ ಡಾಕ್ಟರು ಪಟ್ಟಿ ಕಟ್ಟಿ ನೋಡಿದರು, ಮತ್ತೊಮ್ಮೆ ನೋಡಿದರು. "ಸ್ವಲ್ಪ ಜಾಸ್ತಿ ಇದೆ. ಉಪ್ಪು ಕಡಿಮೆ ಮಾಡಿ. ಇಂಥ ಅರ್ಜಿ ಓದೋದನ್ನೂ ಕಡಿಮೆ ಮಾಡಿ. ಮುಂದಿನ ವಾರ ಬಂದು ಇನ್ನೊಂದ್ಸಲ ತೋರ್ಸಿ" ಅಂದರು. ಅಧಿಕಾರಿ ಮೊದಲ ಸಲ ನಕ್ಕರು. ನನಗೂ ಉಸಿರು ಬಂತು.

ಆದರೆ ಅವರು ಕೆಲಸ ಮರೆಯುವವರಲ್ಲ. ಕಾಗದ ತಿರುಗಿಸಿ, ಕೆಂಪು ಗೆರೆ ಎಳೆದಿದ್ದ ಒಂದು ಸಾಲಿನ ಮೇಲೆ ಬೆರಳಿಟ್ಟು, ಸರದಿಗೆ ಕಾಯುತ್ತಿದ್ದ ಹೆಂಗಸರನ್ನು ಕೇಳಿದರು: "ಈ ಹೊತ್ತಿಗೆ ನಿಮ್ಮನ್ನ ಎಲ್ಲರ ಮನೇಲೂ ಬಿಡ್ತಾರಾ?" ಆಗಷ್ಟೇ ಏದುಸಿರು ಬಿಡುತ್ತಾ ಬಂದು ಕೊನೆಯಲ್ಲಿ ನಿಂತವಳು ನಮ್ಮ ಹುಲಿಗೆಮ್ಮ. ರಾಯಚೂರು ಕಡೆಯವಳು, ಸುಳ್ಳು ಹೇಳಲು ಬಾರದವಳು.

"ಎಲ್ರೂ ಬಿಡ್ತಾರ್ರೀ ಮೇಡಮ್ಮಾರ. ಈ ಸರ್ ಮನ್ಯಾಗ ಅಷ್ಟ ತ್ರಾಸ್ ನೋಡ್ರಿ" ಎಂದು ನನ್ನ ಕಡೆ ಕೈ ತೋರಿಸಿದಳು. "ಐತವಾರ ಬಂತಂದ್ರ ಇವರ ಮಂದಿ ರೊಟ್ಟಿ ಊಟಕ್ಕ ಬರ್ತಾರ್ರಿ. ಅವರಿಗೆ ರೊಟ್ಟಿ ಬಡದು ಬರೂದ್ರಾಗ ಡಾಕ್ಟ್ರಮ್ಮ ಬಾಗ್ಲ ಹಾಕಿರ್ತಾರ. ಹೋದ ಸಲಾನೂ ಗುಳಿಗಿ ಸಿಗ್ಲಿಲ್ಲ."

ಅಧಿಕಾರಿ ಒಮ್ಮೆ ಅರ್ಜಿಯನ್ನು, ಒಮ್ಮೆ ಅದನ್ನು ಬರೆದವನನ್ನು ನೋಡಿದರು. ಅಕ್ಕಯ್ಯಮ್ಮ ನಾಲಿಗೆಯಿಂದ ಲೊಚಗುಟ್ಟಿದರು. ಡಾಕ್ಟರು ನನ್ನ ಕೈಯನ್ನೇ ಎಳೆದು ಬಿಪಿ ಪಟ್ಟಿ ಕಟ್ಟಿದರು. ಎಷ್ಟು ಬಂತೆಂದು ಹೇಳಲಿಲ್ಲ. "ಸಿಕ್ಕಿಬಿದ್ದೋರಿಗೆ ಇರಬೇಕಾದಷ್ಟಿದೆ" ಅಂದರು, ಅಷ್ಟೇ.

ಅನುದಾನ ಬಂತು. ಆ ಒಂದು ಸಾಲನ್ನು ಹೊಡೆದುಹಾಕಿ ಉಳಿದದ್ದನ್ನು ಒಪ್ಪಿದ್ದೇವೆ, ಸ್ಪಷ್ಟವಾಗಿ ಬರೆದಿದ್ದೀರಿ ಎಂದು ಅಧಿಕಾರಿ ಹೇಳಿದರಂತೆ. ಕ್ಲಿನಿಕ್ಕಿನ ಕಪಾಟು ಮಾತ್ರೆಗಳಿಂದ ತುಂಬಿತು. ಅಧಿಕಾರಿ ಬಂದಿದ್ದ ಆ ಭಾನುವಾರವೇ ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ನನ್ನ ಹೆಂಡತಿ ಗಿರಿಜೆ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕು, ಆಮೇಲೆ ಗಂಭೀರಳಾದಳು. "ಭಾನುವಾರ ಬರೋರು ನನ್ನ ತವರಿನವರಲ್ಲ, ನಿಮ್ಮ ಚಿಕ್ಕಪ್ಪನ ಮಕ್ಕಳು. ಅರ್ಜಿ ಬರೆದೋರೂ ನೀವೇ. ಇನ್ನು ಮೇಲೆ ಭಾನುವಾರ ಹುಲಿಗೆಮ್ಮಂಗೆ ರಜ. ರೊಟ್ಟಿ ನೀವೇ ಬಡೀರಿ" ಅಂದಳು.

ಬಡಿಯುತ್ತಿದ್ದೇನೆ. ಜೋಳದ ಹಿಟ್ಟು ನನ್ನ ಕೈಯಲ್ಲಿ ಒಂದೊಂದು ಸಲ ಒಂದೊಂದು ರಾಜ್ಯದ ಭೂಪಟವಾಗುತ್ತದೆ, ತವೆಯ ಮೇಲೆ ಗಡಿ ವಿವಾದವೆದ್ದು ಒಡೆಯುತ್ತದೆ. ಚಿಕ್ಕಪ್ಪನ ಮಕ್ಕಳು ಮೊದಲ ವಾರ ಮುರಿದು ತಿಂದರು, ಮುಂದಿನ ವಾರ ನೋಡಿ ಎದ್ದರು. ಈಚೆಗೆ ಭಾನುವಾರ ಅವರಿಗೆಲ್ಲ ಬಹಳ ಕೆಲಸವಂತೆ. ಹುಲಿಗೆಮ್ಮ ಕ್ಲಿನಿಕ್ಕಿನ ಸಾಲಿನಲ್ಲಿ ಈಗ ಎಲ್ಲರಿಗಿಂತ ಮುಂದೆ ಇರುತ್ತಾಳೆ. ನಿಧಿಯವರು ಯೋಜನೆಯ ವರದಿ ಕೇಳಿದ್ದಾರೆ. ಅದನ್ನು ಬರೆಯುವ ಕೆಲಸವೂ ನನ್ನ ತಲೆಗೇ ಬಂದಿದೆ. ಅದರಲ್ಲಿ 'ನಿರೀಕ್ಷಿಸದೆ ದೊರೆತ ಫಲಿತಾಂಶಗಳು' ಎಂಬ ಒಂದು ಕಾಲಂ ಇದೆ. ನಮ್ಮ ಮನೆಗೆ ನೆಂಟರು ಬರುವುದು ನಿಂತದ್ದನ್ನು ಅಲ್ಲಿ ಸೇರಿಸಬಹುದೇ ಎಂದು ಯೋಚಿಸುತ್ತಿದ್ದೇನೆ.